ಇಂಟರ್‌ನೆಟ್ ನಿಧಾನವೇ? ಬೈಯುವ ಮೊದಲು ತಂತಿಯನ್ನೊಮ್ಮೆ ನೋಡೋಣ

ಆಟಿ ತಿಂಗಳ ಒಂದು ಮುಸ್ಸಂಜೆ ಕುಂಬಳೆ ಸಮೀಪದ ಒಂದು ಮನೆಗೆ ಭೇಟಿಗೆಂದು ಹೋಗಿದ್ದೆವು. ಹೊರಗೆ ಬಿಡದೆ ಸುರಿಯುವ ಮಳೆ. ಚಾವಡಿಯಲ್ಲಿ ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಗೋಡೆಯ ಗಡಿಯಾರವನ್ನೇ ನೋಡುತ್ತಾ ಕುಳಿತಿದ್ದರು. ಅವರ ಕಿರಿಯ ಮಗಳು ಕುವೈತಿನಲ್ಲಿ ನರ್ಸ್. ರಾತ್ರಿ ಎಂಟಕ್ಕೆ ಆಕೆಯ ವಿಡಿಯೊ ಕರೆ ಬರುತ್ತದೆ. ಅಲ್ಲಿ ಆಗ ಗಂಟೆ ಐದೂವರೆ, ಡ್ಯೂಟಿ ಮುಗಿಸಿ ಕೋಣೆಗೆ ಮರಳುವ ಹೊತ್ತು. ಅಜ್ಜಿಗೆ ಕಿವಿ ಮಂದ. ಮಗಳ ತುಟಿಯ ಚಲನೆ ನೋಡಿಯೇ ಅವರು ಮಾತನ್ನು ಅರ್ಥಮಾಡಿಕೊಳ್ಳುವುದು.

ಎಂಟಕ್ಕೆ ಸರಿಯಾಗಿ ಕರೆ ಬಂತು. ಮಗಳ ಮುಖ ಕಾಣಿಸಿತು, ನಕ್ಕಿತು, ಅಷ್ಟರಲ್ಲೇ ನಿಂತುಹೋಯಿತು. ಮಾತು ತುಂಡು ತುಂಡಾಗಿ ಬಂತು. ಅಜ್ಜಿ ಎರಡು ಸಲ "ಎಂತ? ಎಂತ ಹೇಳಿದ್ದು?" ಎಂದರು. ಮತ್ತೆ ಕರೆ ಕಡಿದುಹೋಯಿತು. "ನೋಡಿ ಫಾದರ್, ಮೊದಲು ಅರ್ಧ ಗಂಟೆ ಮಾತಾಡುತ್ತಿದ್ದಳು. ಈಗ ಎರಡು ನಿಮಿಷಕ್ಕೆ ಇಟ್ಟುಬಿಡುತ್ತಾಳೆ. ನನ್ನಲ್ಲಿ ಮಾತಾಡಲಿಕ್ಕೆ ಅವಳಿಗೆ ಪುರುಸೊತ್ತಿಲ್ಲ" ಎಂದು ಸೆರಗಿನಿಂದ ಕಣ್ಣೊರಸಿಕೊಂಡರು.

ಮನೆಯ ಯಜಮಾನರ ಸಿಟ್ಟು ಬೇರೆ ಕಡೆಗಿತ್ತು. "ಎಲ್ಲ ಇವನ ಆಟದಿಂದ ಫಾದರ್. ನೆಟ್ ಪೂರ್ತಿ ಇವನೇ ಮುಗಿಸುತ್ತಾನೆ" ಎಂದು ಪ್ಲಸ್ ಟೂ ಓದುವ ಮಗನತ್ತ ಬೆರಳು ತೋರಿಸಿದರು. ಹುಡುಗನ ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಆಗಲೇ ವಾರವಾಗಿತ್ತು. ಅದಕ್ಕೂ ಮೊದಲು ಐವತ್ತು ಎಂಬಿಪಿಎಸ್‌ನ ಪ್ಲಾನನ್ನು ನೂರಕ್ಕೆ ಏರಿಸಿದ್ದರು. ಎರಡು ತಿಂಗಳು ಹೆಚ್ಚು ಹಣ ಕಟ್ಟಿದ್ದಾಯಿತು, ಗುಣ ಮಾತ್ರ ಕಾಣಲಿಲ್ಲ. ಹುಡುಗ ಮೂಲೆಯಲ್ಲಿ ಮುಖ ಊದಿಸಿಕೊಂಡು ಕುಳಿತಿದ್ದ.

ಪ್ರಿಯ ಓದುಗರೇ, ಇಂತಹ ದೃಶ್ಯ ನಮ್ಮ ಎಷ್ಟೋ ಮನೆಗಳಲ್ಲಿ ಉಂಟು. ಗಲ್ಫಿನಲ್ಲಿ ಮಗ, ಇಸ್ರೇಲಿನಲ್ಲಿ ಸೊಸೆ, ಬೆಂಗಳೂರಿನಲ್ಲಿ ಮೊಮ್ಮಗಳು; ಕುಟುಂಬವನ್ನು ಒಟ್ಟಿಗೆ ಕಟ್ಟಿಹಾಕಿದ್ದು ಒಂದು ತಂತಿ. ಇಂಟರ್‌ನೆಟ್ ಪಡೆಯುವ ಹಕ್ಕು ಶಿಕ್ಷಣದ ಹಕ್ಕು ಹಾಗೂ ಖಾಸಗಿತನದ ಹಕ್ಕಿನ ಭಾಗವೆಂದು ಕೇರಳ ಹೈಕೋರ್ಟು 2019ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿದೆ. ಅಂದಮೇಲೆ ಆ ತಂತಿಯ ಆರೋಗ್ಯದ ಬಗ್ಗೆ ನಾವೂ ಸ್ವಲ್ಪ ತಿಳಿದಿರುವುದು ಒಳ್ಳೆಯದು. ಸೆಮಿನರಿಯಲ್ಲಿ ನಾವು ಕಲಿತದ್ದು ತತ್ವಶಾಸ್ತ್ರ ಮತ್ತು ದೇವಶಾಸ್ತ್ರ. ಮೋಡೆಮಿನ ಶಾಸ್ತ್ರ ಕಲಿತದ್ದು ನಮ್ಮ ಬಂಗಲೆಯ ಇಂಟರ್‌ನೆಟ್ ತಿಂಗಳುಗಟ್ಟಲೆ ಸತಾಯಿಸಿದ ಮೇಲೆ. ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇವೆ.

ಟಿವಿಯ ತಂತಿಯಲ್ಲೇ ಇಂಟರ್‌ನೆಟ್

ಮೊದಲು ನಿಮ್ಮ ಮನೆಗೆ ಬರುವ ತಂತಿ ಯಾವುದೆಂದು ನೋಡಿ. ಕಿರುಬೆರಳಿಗಿಂತ ಸ್ವಲ್ಪ ಸಪೂರದ ದುಂಡಗಿನ ಕಪ್ಪು ಅಥವಾ ಬಿಳಿ ತಂತಿ, ತುದಿಯಲ್ಲಿ ತಿರುಪಿ ಕೂರಿಸುವ ಲೋಹದ ಕನೆಕ್ಟರ್, ಅದರ ನಡುವೆ ಸೂಜಿಯಂತಹ ತಾಮ್ರದ ಎಳೆ ಇದ್ದರೆ ಅದು ಕೋಯಾಕ್ಸಿಯಲ್ ಕೇಬಲ್. ಅದು ಸೇರುವ ಪೆಟ್ಟಿಗೆಯೇ ಕೇಬಲ್ ಮೋಡೆಮ್. ಬದಲಿಗೆ ದಾರದಷ್ಟು ತೆಳ್ಳಗಿನ ತಂತಿ, ತುದಿಯಲ್ಲಿ ಹಸಿರು ಅಥವಾ ನೀಲಿ ಬಣ್ಣದ ಪ್ಲಾಸ್ಟಿಕ್ ಪ್ಲಗ್ ಇದ್ದರೆ ಅದು ಫೈಬರ್. ಈಗ ಅನೇಕ ಮನೆಗಳು ಫೈಬರಿಗೆ ಬದಲಾಗಿವೆ. ಅಂತಹವರಿಗೆ ಈ ಲೇಖನದ ವೈ-ಫೈ ಭಾಗ ಸಾಕು. ಹಳೆಯ ಕೇಬಲ್ ತಂತಿಯಲ್ಲೇ ಇಂಟರ್‌ನೆಟ್ ಪಡೆಯುವವರು ಕೊನೆಯ ತನಕ ಓದಬೇಕು.

ಟಿವಿಗಾಗಿ ಎಳೆದ ತಂತಿಯಲ್ಲೇ ಇಂಟರ್‌ನೆಟ್ ಕಳುಹಿಸುವ ಡಾಕ್ಸಿಸ್ ಎಂಬ ವಿಧಾನದ ಮೊದಲ ನಿಯಮಾವಳಿ 1997ರಲ್ಲಿ ಅಮೆರಿಕದಲ್ಲಿ ಹೊರಬಂತು. 2006ರ ಮೂರನೆಯ ಆವೃತ್ತಿಯಲ್ಲಿ ಹಲವು ಚಾನೆಲ್‌ಗಳನ್ನು ಒಟ್ಟುಗೂಡಿಸಿ ವೇಗ ಹೆಚ್ಚಿಸುವ ಉಪಾಯ ಸೇರಿತು. ಒಂದು ಸಂಗತಿ ನೆನಪಿಡಬೇಕು. ಟಿವಿಗೆ ಸಿಗ್ನಲ್ ಮನೆಗೆ ಬಂದರೆ ಸಾಕು. ಇಂಟರ್‌ನೆಟ್ಟಿಗೆ ಹಾಗಲ್ಲ, ಮನೆಯಿಂದಲೂ ಸಿಗ್ನಲ್ ಹಿಂದಕ್ಕೆ ಹೋಗಬೇಕು. ಆದುದರಿಂದ ಟಿವಿ ಚೆನ್ನಾಗಿ ಕಾಣುತ್ತಿದೆ ಎಂದ ಮಾತ್ರಕ್ಕೆ ಇಂಟರ್‌ನೆಟ್ಟಿಗೂ ತಂತಿ ಸರಿ ಇದೆ ಎಂದು ಹೇಳುವಂತಿಲ್ಲ.

ಮೊದಲು ಅಳತೆ, ಆಮೇಲೆ ದೂರು

ಜ್ವರ ಬಂದಾಗ ಡಾಕ್ಟರು ಮೊದಲು ಥರ್ಮಾಮೀಟರ್ ಇಡುತ್ತಾರೆ. ಇಲ್ಲಿಯೂ ಹಾಗೆಯೇ. ಒಂದು ಲ್ಯಾಪ್‌ಟಾಪನ್ನು ಲ್ಯಾನ್ ತಂತಿಯ ಮೂಲಕ ನೇರವಾಗಿ ಮೋಡೆಮಿಗೆ ಜೋಡಿಸಿ, ಉಳಿದ ಫೋನುಗಳ ವೈ-ಫೈ ಆರಿಸಿ, ವೇಗ ಅಳೆಯುವ ಯಾವುದಾದರೂ ತಾಣದಲ್ಲಿ ಪರೀಕ್ಷಿಸಿ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ, ರಾತ್ರಿ ಒಂಬತ್ತಕ್ಕೆ, ಹೀಗೆ ಮೂರು ದಿನ ಅಳೆದು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಅದೇ ಹೊತ್ತಿಗೆ ವೈ-ಫೈಯಲ್ಲೂ ಒಮ್ಮೆ ಅಳೆಯಿರಿ. ಈ ಅಂಕಿಗಳು ತಪ್ಪು ಎಲ್ಲಿದೆಯೆಂದು ತಾವೇ ಹೇಳುತ್ತವೆ.

ತಂತಿಯಲ್ಲಿ ಯಾವಾಗಲೂ ಪೂರ್ಣ ವೇಗ, ವೈ-ಫೈಯಲ್ಲಿ ಮಾತ್ರ ಕಡಿಮೆ ಎಂದಾದರೆ ತೊಂದರೆ ಮನೆಯೊಳಗಿನ ವೈ-ಫೈಯದ್ದು. ತಂತಿಯಲ್ಲಿ ಬೆಳಿಗ್ಗೆ ಪೂರ್ಣ, ರಾತ್ರಿ ಮಾತ್ರ ಕಡಿಮೆ ಎಂದಾದರೆ ಊರಿನ ಲೈನಿನಲ್ಲಿ ಜನಸಂದಣಿ. ತಂತಿಯಲ್ಲಿ ಬೆಳಿಗ್ಗೆಯೂ ಕಡಿಮೆ ಎಂದಾದರೆ ತಂತಿ, ಕನೆಕ್ಟರ್ ಅಥವಾ ಮೋಡೆಮಿನ ದೋಷವಿರಬಹುದು. ತಂತಿಯಲ್ಲಿ ವೇಗ ಎಷ್ಟು ಮಾಡಿದರೂ ನೂರಕ್ಕಿಂತ ಸ್ವಲ್ಪ ಕೆಳಗೇ ನಿಲ್ಲುತ್ತದೆ ಎಂದಾದರೆ ಲ್ಯಾನ್ ತಂತಿಯನ್ನು ಬದಲಿಸಿ ನೋಡಿ. ಅದರ ಎಂಟು ಎಳೆಗಳಲ್ಲಿ ಒಂದು ಕಡಿದಿದ್ದರೂ ವೇಗ ನೂರಕ್ಕೆ ಇಳಿಯುತ್ತದೆ.

ಇನ್ನೊಂದು ಗೊಂದಲವನ್ನೂ ಬಿಡಿಸೋಣ. ಪ್ಲಾನಿನಲ್ಲಿ ಹೇಳುವ ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಮೆಗಾಬಿಟ್. ಕಡತ ಇಳಿಸಿಕೊಳ್ಳುವಾಗ ಪರದೆಯಲ್ಲಿ ಕಾಣುವುದು ಹೆಚ್ಚಾಗಿ ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದುದರಿಂದ 50 ಎಂಬಿಪಿಎಸ್‌ನ ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 6 ಮೆಗಾಬೈಟ್ ಬಂದರೆ ಮೋಸವಾಗಿಲ್ಲ, ಲೆಕ್ಕ ಸರಿಯಾಗಿಯೇ ಇದೆ. ಒಂದು ವಿಡಿಯೊ ಕರೆಗೆ ಎರಡೂ ಕಡೆಗೆ ಒಂದೆರಡು ಎಂಬಿಪಿಎಸ್ ಸಾಕಾಗುತ್ತದೆ. ಅಂದರೆ ಮಗಳ ಮುಖ ನಿಂತುಹೋಗುವುದಕ್ಕೆ ಪ್ಲಾನ್ ಸಣ್ಣದಾದುದು ಕಾರಣವಾಗುವುದು ಅಪರೂಪ.

ಮುರಕಲ್ಲಿನ ಗೋಡೆ ಮತ್ತು ವೈ-ಫೈ

ನಮ್ಮ ಕಾಸರಗೋಡಿನ ಹಳೆಯ ಮನೆಗಳ ಮುರಕಲ್ಲಿನ ಗೋಡೆಗಳು ದಪ್ಪ. ಬೇಸಿಗೆಗೆ ತಂಪು, ಆದರೆ ವೈ-ಫೈಗೆ ಶತ್ರು. ಎರಡು ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಸೋತುಹೋಗುತ್ತದೆ. ಅದರ ಮೇಲೆ ನಾವು ಮೋಡೆಮನ್ನು ಟಿವಿಯ ಹಿಂದೆ, ಶೋಕೇಸಿನೊಳಗೆ, ಕೆಲವೊಮ್ಮೆ ಸ್ಟೀಲ್ ಕಪಾಟಿನ ಬದಿಯಲ್ಲಿ ಅಡಗಿಸಿಡುತ್ತೇವೆ. ಧೂಳು ಕೂರದಿರಲಿ ಎಂದು ಕ್ರೋಶಾದ ಬಟ್ಟೆ ಹೊದಿಸಿದ್ದನ್ನೂ ಕಂಡಿದ್ದೇವೆ. ಪಾಪ, ಅದು ಸೆಕೆಯಿಂದ ಬೇಯುತ್ತಿರುತ್ತದೆ. ಮೋಡೆಮ್ ಬಿಸಿಯಾದರೆ ತಾನಾಗಿ ಆರಿ ಹತ್ತುವುದೂ ಉಂಟು.

ರೌಟರನ್ನು ಮನೆಯ ನಡುಭಾಗದಲ್ಲಿ, ಎದೆಯೆತ್ತರದಲ್ಲಿ, ಗಾಳಿಯಾಡುವಂತೆ ಇಡಿ. ಹೆಚ್ಚಿನ ರೌಟರ್‌ಗಳಲ್ಲಿ ಎರಡು ಹೆಸರಿನ ವೈ-ಫೈ ಕಾಣಿಸುತ್ತದೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದು ದೂರ ಹೋಗುತ್ತದೆ, ವೇಗ ಕಡಿಮೆ. ಎರಡನೆಯದಕ್ಕೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಅದೇ ಕೋಣೆಯಲ್ಲಿದ್ದರೆ ಐದನ್ನು, ಎರಡು ಕೋಣೆ ಆಚೆಗಿದ್ದರೆ 2.4 ಅನ್ನು ಆರಿಸಿಕೊಳ್ಳಿ. 2.4ರಲ್ಲಿ ನೆರೆಮನೆಯ ರೌಟರ್ ಅಡ್ಡ ಬರುತ್ತಿದ್ದರೆ ಚಾನೆಲನ್ನು 1, 6 ಅಥವಾ 11ಕ್ಕೆ ಬದಲಿಸಿ ನೋಡಬೇಕು. ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಇವು ಮೂರೇ. ಅಡುಗೆಮನೆಯ ಮೈಕ್ರೋವೇವ್ ಒಲೆ ಕೂಡ ಅದೇ ಅಲೆಗಳಲ್ಲಿ ಕೆಲಸ ಮಾಡುವುದರಿಂದ ಅದು ಉರಿಯುವಾಗ 2.4ರ ವೈ-ಫೈ ತಡವರಿಸುತ್ತದೆ.

ಮತ್ತೊಂದು ಗುಟ್ಟು. ಕೇಬಲ್ ಇಂಟರ್‌ನೆಟ್ಟಿನಲ್ಲಿ ಕೆಳಗೆ ಬರುವ ದಾರಿ ಅಗಲ, ಮೇಲೆ ಹೋಗುವ ದಾರಿ ಇಕ್ಕಟ್ಟು. ಮದುವೆಯ ಫೋಟೊ, ವಿಡಿಯೊಗಳನ್ನು ಫೋನು ತಾನಾಗಿ ದೂರದ ಸಂಗ್ರಹಕ್ಕೆ ಕಳುಹಿಸುತ್ತಿದ್ದರೆ ಆ ಇಕ್ಕಟ್ಟಿನ ದಾರಿ ಪೂರ್ತಿ ತುಂಬಿಹೋಗುತ್ತದೆ. ಆಗ ಕರೆಯ ಮಾತೂ ಚಿತ್ರವೂ ಸರತಿಯಲ್ಲಿ ಕಾಯಬೇಕಾಗುತ್ತದೆ. ಆ ಕೆಲಸವನ್ನು ಮಲಗುವ ಹೊತ್ತಿಗೆ ನಡೆಯುವಂತೆ ಇಟ್ಟುಕೊಳ್ಳಿ.

ಮೋಡೆಮ್ ತಾನೇ ಹೇಳುವ ಕಥೆ

ನಾವು ಮೇಲೆ ಹೇಳಿದ ಮನೆಯಲ್ಲಿ ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಜೋಡಿಸಿ ಅಳೆದೆವು. ನೂರರ ಪ್ಲಾನು, ನೇರ ತಂತಿಯಲ್ಲಿ ಬಂದದ್ದು 22. ಹಿಂದಿನ ರಾತ್ರಿ 14. ಹುಡುಗನ ಫೋನು ಕಪಾಟಿನಲ್ಲಿ ಬೀಗದೊಳಗೆ ಇತ್ತು. ಅಲ್ಲಿಗೆ ಅವನ ಮೇಲಿನ ಆರೋಪ ಬಿದ್ದುಹೋಯಿತು.

ಹೆಚ್ಚಿನ ಕೇಬಲ್ ಮೋಡೆಮ್‌ಗಳೊಳಗೆ ಒಂದು ಪುಟ ಇರುತ್ತದೆ. ಬ್ರೌಸರಿನಲ್ಲಿ 192.168.100.1 ಎಂದು ಬರೆದರೆ ಅದು ತೆರೆಯುತ್ತದೆ. ಕೆಲವು ಕಂಪೆನಿಗಳು ಅದನ್ನು ಮುಚ್ಚಿರುತ್ತವೆ. ಆಗ ಕೇಬಲಿನವರಲ್ಲೇ ಕೇಳಬೇಕು. ಅಲ್ಲಿ ಮೂರು ಅಂಕಿಗಳನ್ನು ನೋಡಿ.

ಒಂದು, ಕೆಳಗೆ ಬರುವ ಸಿಗ್ನಲಿನ ಬಲ. ಇದನ್ನು ಡಿಬಿಎಂವಿ ಎಂಬ ಮಾನದಲ್ಲಿ ಹೇಳುತ್ತಾರೆ. ಸೊನ್ನೆಯ ಆಸುಪಾಸು, ಅಂದರೆ ಮೈನಸ್ 7ರಿಂದ ಪ್ಲಸ್ 7ರ ನಡುವೆ ಇದ್ದರೆ ಉತ್ತಮ. ನಿಯಮಾವಳಿಯ ಕೊನೆಯ ಎಲ್ಲೆ ಮೈನಸ್ 15 ಮತ್ತು ಪ್ಲಸ್ 15.

ಎರಡು, ಸಿಗ್ನಲಿಗೂ ಗದ್ದಲಕ್ಕೂ ಇರುವ ಅಂತರ. ಇದು 33 ಡೆಸಿಬೆಲಿಗಿಂತ ಮೇಲಿರಬೇಕು. ಮೂವತ್ತಕ್ಕಿಂತ ಕೆಳಗಿಳಿದರೆ ಸಂತೆಯ ನಡುವೆ ಪಿಸುಮಾತು ಕೇಳಿದಂತೆ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಮೂರು, ಮೋಡೆಮ್ ಮೇಲಕ್ಕೆ ಕಳುಹಿಸುವ ಬಲ. ಇದು 35ರಿಂದ 48ರ ಒಳಗಿದ್ದರೆ ಸರಿ. ಐವತ್ತು ದಾಟಿದರೆ ಮೋಡೆಮ್ ಗಂಟಲು ಹರಿಯುವಂತೆ ಕೂಗುತ್ತಿದೆ ಎಂದರ್ಥ.

ಆ ಮನೆಯಲ್ಲಿ ಕಂಡ ಅಂಕಿಗಳು: ಮೈನಸ್ 17, 27, 53. ಮೂರೂ ಎಲ್ಲೆ ಮೀರಿದ್ದವು. ಇಂತಹ ಲೈನಿಗೆ ಪ್ಲಾನ್ ಏರಿಸುವುದು ಚರಟ ಕಟ್ಟಿದ ಪೈಪಿಗೆ ದೊಡ್ಡ ಟ್ಯಾಂಕಿ ಇಟ್ಟ ಹಾಗೆ.

ಸ್ಪ್ಲಿಟರ್ ಎಂಬ ಪುಟ್ಟ ಪೆಟ್ಟಿಗೆ

ತಂತಿಯ ಜಾಡು ಹಿಡಿದು ಹೊರಟೆವು. ಮೂರು ವರ್ಷದ ಹಿಂದೆ ಮೇಲಿನ ಅಂತಸ್ತಿಗೆ ಟಿವಿ ಹಾಕಿದಾಗ ಒಂದು ಸ್ಪ್ಲಿಟರ್ ಸೇರಿತ್ತು. ಆಮೇಲೆ ಅಜ್ಜಿಯ ಕೋಣೆಗೆ ಟಿವಿ ಬಂದಾಗ ಅದರ ಮುಂದೆ ನಾಲ್ಕು ದಾರಿಯ ಇನ್ನೊಂದು. ಮೋಡೆಮ್ ಇದ್ದದ್ದು ಈ ಎರಡರ ಆಚೆಗೆ, ಕಟ್ಟಕಡೆಗೆ.

ಸ್ಪ್ಲಿಟರ್ ಸಿಗ್ನಲನ್ನು ಹಂಚುತ್ತದೆ, ಹೆಚ್ಚಿಸುವುದಿಲ್ಲ. ಎರಡು ದಾರಿಯ ಸ್ಪ್ಲಿಟರಿನಲ್ಲಿ ಪ್ರತಿ ದಾರಿಗೂ ಸುಮಾರು 3.5 ಡೆಸಿಬೆಲ್ ನಷ್ಟ. ಮೂರು ಡೆಸಿಬೆಲ್ ಎಂದರೆ ಬಲ ಅರ್ಧವಾಗುವುದು. ನಾಲ್ಕು ದಾರಿಯದ್ದರಲ್ಲಿ ನಷ್ಟ ಸುಮಾರು 7. ಎರಡೂ ಸೇರಿ ಹತ್ತೂವರೆ; ಅಂದರೆ ಬಂದ ಬಲದಲ್ಲಿ ಹತ್ತರಲ್ಲೊಂದು ಪಾಲೂ ಮೋಡೆಮಿಗೆ ಉಳಿಯಲಿಲ್ಲ. ಮೇಲಕ್ಕೆ ಹೋಗುವಾಗಲೂ ಅಷ್ಟೇ ನಷ್ಟ. ಟಿವಿಗಳು ಹೇಗೋ ಸುಧಾರಿಸಿಕೊಂಡವು, ಮೋಡೆಮ್ ಸೋತಿತು.

ಸರಿಯಾದ ಕ್ರಮ ಇಷ್ಟೇ. ಮನೆಗೆ ತಂತಿ ಪ್ರವೇಶಿಸುವಲ್ಲೇ ಒಂದು ಎರಡು ದಾರಿಯ ಸ್ಪ್ಲಿಟರ್. ಅದರ ಒಂದು ದಾರಿ ನೇರ ಮೋಡೆಮಿಗೆ, ನಡುವೆ ಬೇರೇನೂ ಇರಕೂಡದು. ಎಷ್ಟು ಟಿವಿ ಇದ್ದರೂ ಅವೆಲ್ಲ ಇನ್ನೊಂದು ದಾರಿಯಲ್ಲಿ ಹಂಚಿಕೊಳ್ಳಲಿ. ಸ್ಪ್ಲಿಟರಿನ ಮೇಲೆ 5ರಿಂದ 1000 ಮೆಗಾಹರ್ಟ್ಸ್ ಎಂದು ಬರೆದಿದೆಯೇ ನೋಡಿ. ಮನೆಯಿಂದ ಹೊರಹೋಗುವ ಸಿಗ್ನಲ್ 5 ಮೆಗಾಹರ್ಟ್ಸ್‌ನಿಂದ ಆರಂಭವಾಗುವ ಕೆಳಗಿನ ಪಟ್ಟಿಯಲ್ಲಿ ಸಾಗುತ್ತದೆ; ಟಿವಿಗೆಂದೇ ಮಾಡಿದ ಹಳೆಯ ಸ್ಪ್ಲಿಟರ್ ಅದನ್ನು ತಡೆಯಬಹುದು. ಟಿವಿ ಚಿತ್ರ ಚೆನ್ನಾಗಿ ಬರಲೆಂದು ಹಾಕುವ ಅಗ್ಗದ ಬೂಸ್ಟರ್ ಕೂಡ ಹಾಗೆಯೇ. ಅದನ್ನು ಮೋಡೆಮಿನ ದಾರಿಯಲ್ಲಿ ಇಡಲೇಬಾರದು.

ಮಳೆಗಾಲದ ಕಳ್ಳ

ಇಷ್ಟಾದರೂ ಲೆಕ್ಕ ಪೂರ್ತಿ ತಾಳೆಯಾಗಲಿಲ್ಲ. ಸ್ಪ್ಲಿಟರಿನಿಂದಾದ ಹೆಚ್ಚುವರಿ ನಷ್ಟ ಏಳು ಡೆಸಿಬೆಲ್. ಇನ್ನೊಂದಷ್ಟು ಎಲ್ಲಿ ಹೋಯಿತು? ಕೇಬಲಿನ ಹುಡುಗನನ್ನು ಕರೆಸಿದೆವು. ಆತ ಮಾಡಿನ ಅಂಚಿನಲ್ಲಿ ಎರಡು ತಂತಿಗಳನ್ನು ಸೇರಿಸಿದ್ದ ಕನೆಕ್ಟರನ್ನು ಬಿಚ್ಚಿ ನಮ್ಮ ಅಂಗೈಯಲ್ಲಿಟ್ಟ. ಒಳಗಿನ ತಾಮ್ರ ಹಸಿರುಗಟ್ಟಿತ್ತು, ಹೊರಗಿನ ಜಾಲರಿ ಬಿಳಿ ಹುಡಿಯಾಗಿತ್ತು. ತಂತಿ ಮೇಲಿನಿಂದ ಇಳಿದು ನೇರ ಕನೆಕ್ಟರಿಗೇ ಸೇರಿದ್ದರಿಂದ ಮಳೆಯ ನೀರು ತಂತಿಯ ಗುಂಟ ಇಳಿದು ಅದರೊಳಗೇ ಸೇರುತ್ತಿತ್ತು.

ಕನೆಕ್ಟರಿಗೆ ಮುಂಚೆ ತಂತಿಯನ್ನು ಸ್ವಲ್ಪ ಕೆಳಗೆ ಬಾಗಿಸಿ ಮತ್ತೆ ಮೇಲಕ್ಕೆ ತಂದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಹೊರಗಿನ ಜೋಡಣೆಗಳಿಗೆ ನೀರು ತಡೆಯುವ ಟೇಪ್ ಸುತ್ತಿರಬೇಕು. ಕನೆಕ್ಟರನ್ನು ಕೈಯಿಂದ ಬಿಗಿಯಾಗುವವರೆಗೆ ತಿರುಪಿ, ಮತ್ತೆ ಸ್ಪ್ಯಾನರಿನಿಂದ ತುಸು ಮಾತ್ರ ಬಿಗಿಗೊಳಿಸಬೇಕು. ನಡುವಿನ ತಾಮ್ರದ ಎಳೆ ಬಾಗಿರಬಾರದು. ಜಾಲರಿಯ ಒಂದು ನೂಲೂ ಅದಕ್ಕೆ ತಾಗಬಾರದು. ಹಳೆಯ ಸಪೂರದ ಆರ್‌ಜಿ-59 ತಂತಿ ಇದ್ದರೆ ಆರ್‌ಜಿ-6ಕ್ಕೆ ಬದಲಿಸುವುದು ಒಳ್ಳೆಯದು. ಮನೆಯೊಳಗಿನ ಕನೆಕ್ಟರುಗಳನ್ನು ನಾವೇ ಪರೀಕ್ಷಿಸಬಹುದು. ಕಂಬ ಹತ್ತುವುದು, ಕಂಬದ ಮೇಲಿನ ಪೆಟ್ಟಿಗೆ ತೆರೆಯುವುದು ಮಾತ್ರ ಖಂಡಿತ ಬೇಡ. ಆ ಪೆಟ್ಟಿಗೆಗಳಲ್ಲಿ ವಿದ್ಯುತ್ ಇರುತ್ತದೆ, ಪಕ್ಕದಲ್ಲೇ ಕರೆಂಟಿನ ತಂತಿಯೂ ಇರುತ್ತದೆ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಯಾವ ತಂತಿಯನ್ನೂ ಮುಟ್ಟಬೇಡಿ. ಸಿಡಿಲು ಶುರುವಾಗುವ ಮುಂಚೆಯೇ ಪ್ಲಗ್ಗನ್ನೂ ಕೇಬಲಿನ ತಂತಿಯನ್ನೂ ಎರಡನ್ನೂ ಕಳಚಿಡುವುದು ಕ್ಷೇಮ. ಸಿಡಿಲಿನ ಹೊಡೆತ ಕೇಬಲಿನಿಂದಲೂ ಒಳಬರುತ್ತದೆ.

ಇಲ್ಲಿ ನೆರೆಮನೆಯ ವಿಚಾರವೂ ಉಂಟು. ಒಂದು ಪ್ರದೇಶದ ಎಲ್ಲ ಮನೆಗಳಿಂದ ಮೇಲಕ್ಕೆ ಹೋಗುವ ಸಿಗ್ನಲುಗಳು ಒಂದೇ ತಂತಿಯಲ್ಲಿ ಕೂಡುತ್ತವೆ. ಒಂದು ಮನೆಯ ಸಡಿಲ ಕನೆಕ್ಟರಿನಿಂದ ಒಳನುಸುಳಿದ ಗದ್ದಲ ಆ ಲೈನಿನ ಎಲ್ಲರ ಮಾತನ್ನೂ ಕೆಡಿಸಬಲ್ಲದು. ನಮ್ಮ ಮನೆಯ ತಿರುಪನ್ನು ಬಿಗಿಗೊಳಿಸಿದರೆ ಪಕ್ಕದ ಮನೆಯವರಿಗೂ ಉಪಕಾರ.

ತಪ್ಪು ಅವರದ್ದಾದರೆ

ಮನೆಯೊಳಗೆ ಎಲ್ಲ ಸರಿ ಇದ್ದೂ ರಾತ್ರಿ ಮಾತ್ರ ವೇಗ ಕುಸಿಯುತ್ತಿದ್ದರೆ ಅದು ಲೈನಿನ ಸಂದಣಿ. ಒಂದು ಬಾವಿಗೆ ಹತ್ತು ಮನೆಯವರು ಒಂದೇ ಹೊತ್ತಿಗೆ ಕೊಡಪಾನ ತಂದರೆ ಕಾಯಲೇಬೇಕಲ್ಲವೇ? ಇದಕ್ಕೆ ನಮ್ಮಲ್ಲಿ ಮದ್ದಿಲ್ಲ. ಚಾನೆಲ್ ಹೆಚ್ಚಿಸುವುದು ಅಥವಾ ಲೈನನ್ನು ವಿಭಾಗಿಸುವುದು ಕಂಪೆನಿಯ ಕೆಲಸ.

ದೂರು ಕೊಡುವಾಗ "ನೆಟ್ ಸ್ಲೋ" ಎಂದಷ್ಟೇ ಹೇಳಬೇಡಿ. ಕ್ಯಾಲೆಂಡರಿನಲ್ಲಿ ಬರೆದ ಅಂಕಿಗಳನ್ನು ಹೇಳಿ: "ನೇರ ತಂತಿಯಲ್ಲಿ ಬೆಳಿಗ್ಗೆ ಇಷ್ಟು, ರಾತ್ರಿ ಇಷ್ಟು, ಮೋಡೆಮಿನ ಮೂರು ಅಂಕಿಗಳು ಇವು." ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಟ್ರಾಯ್ ಸಂಸ್ಥೆ 2012ರಲ್ಲಿ ಹೊರಡಿಸಿದ ನಿಯಮದಂತೆ ಎರಡು ಹಂತಗಳಿವೆ: ಮೊದಲು ಕಂಪೆನಿಯ ದೂರು ಕೇಂದ್ರ, ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಇರಬೇಕಾದ ಕನಿಷ್ಠ ವೇಗ 2004ರಲ್ಲಿ 256 ಕೆಬಿಪಿಎಸ್ ಇತ್ತು, 2013ರಲ್ಲಿ 512 ಆಯಿತು, 2023ರಲ್ಲಿ 2 ಎಂಬಿಪಿಎಸ್‌ಗೆ ಏರಿತು. ಮಳೆಯಲ್ಲಿ ನೆನೆದು ಬರುವ ಕೇಬಲಿನ ಹುಡುಗನ ಮೇಲೆ ಮಾತ್ರ ಕೂಗಾಡಬೇಡಿ. ಕಂಪೆನಿಯ ಲೈನಿನ ಸಂದಣಿಗೆ ಆತ ಹೊಣೆಯಲ್ಲ. ಒಂದು ಲೋಟ ಬಿಸಿ ಚಹಾ ಕೊಟ್ಟರೆ ಕನೆಕ್ಟರನ್ನು ಇನ್ನಷ್ಟು ಮನಸ್ಸಿಟ್ಟು ಕೂರಿಸಿಯಾನು.

ಮುಖ ಮತ್ತೆ ಚಲಿಸಿತು

ಆ ಮನೆಯಲ್ಲಿ ಸ್ಪ್ಲಿಟರ್ ಬದಲಾಯಿತು, ಕನೆಕ್ಟರ್ ಹೊಸದಾಯಿತು. ಅಂಕಿಗಳು ಮೈನಸ್ 4, 37, 41ಕ್ಕೆ ಬಂದವು. ಬೆಳಿಗ್ಗೆ ನೇರ ತಂತಿಯಲ್ಲಿ 96, ರಾತ್ರಿ 60. ಯಜಮಾನರು ಮುಂದಿನ ತಿಂಗಳಿಂದ ಹಳೆಯ ಐವತ್ತರ ಪ್ಲಾನಿಗೇ ಮರಳಿದರು. ಕಪಾಟಿನ ಬೀಗ ತೆಗೆದು ಮಗನ ಕೈಗೆ ಫೋನ್ ಕೊಡುತ್ತಾ, "ಆಯ್ತು ಮಾರಾಯ, ನಿನ್ನದು ತಪ್ಪಿಲ್ಲ" ಎಂದರು. ಹುಡುಗ ಏನೂ ಹೇಳಲಿಲ್ಲ. ಆದರೆ ಮೋಡೆಮಿನ ಅಂಕಿಗಳನ್ನು ವಾರಕ್ಕೊಮ್ಮೆ ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸವನ್ನು ಈಗ ಅವನೇ ವಹಿಸಿಕೊಂಡಿದ್ದಾನೆ.

ಅಂದು ರಾತ್ರಿ ಎಂಟಕ್ಕೆ ಕರೆ ಬಂದಾಗ ನಾವೂ ಅಲ್ಲಿದ್ದೆವು. ಮಗಳ ಮುಖ ಕಾಣಿಸಿತು, ನಕ್ಕಿತು, ಈ ಸಲ ನಿಲ್ಲಲಿಲ್ಲ. ಅಜ್ಜಿ ಅವಳ ತುಟಿಯನ್ನೇ ನೋಡುತ್ತಾ ಒಂದೊಂದು ಮಾತಿಗೂ ಸರಿಯಾಗಿ ಉತ್ತರ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಆಚೆ ಕಡೆ ಮಗಳು ಅಳತೊಡಗಿದಳು. ಏನೆಂದು ಕೇಳಿದರೆ, "ಅಮ್ಮ, ನೀವು ಕೇಳಿದ್ದಕ್ಕೆಲ್ಲ ಏನೇನೋ ಹೇಳುತ್ತಿದ್ದಿರಿ. ನಿಮಗೆ ಮರೆವಿನ ಕಾಯಿಲೆ ಶುರುವಾಯಿತೆಂದು ನಾನು ಹೆದರಿ ರಜೆಗೆ ಅರ್ಜಿ ಬರೆದಿಟ್ಟಿದ್ದೆ" ಎಂದಳು.

ಎರಡು ತಿಂಗಳ ಕಾಲ ತಾಯಿ ಮಗಳನ್ನು ತಪ್ಪು ತಿಳಿದಿದ್ದರು, ಮಗಳು ತಾಯಿಯ ಬಗ್ಗೆ ಹೆದರಿದ್ದಳು, ತಂದೆ ಮಗನನ್ನು ಶಂಕಿಸಿದ್ದರು. ನಡುವೆ ಇದ್ದದ್ದು ಹಸಿರುಗಟ್ಟಿದ ಒಂದು ಕನೆಕ್ಟರ್ ಮತ್ತು ಬೇಡದ ಒಂದು ಸ್ಪ್ಲಿಟರ್. ನಿಮ್ಮ ಮನೆಯಲ್ಲೂ ಇಂಟರ್‌ನೆಟ್ ತಡವರಿಸುತ್ತಿದ್ದರೆ ಯಾರನ್ನಾದರೂ ಬೈಯುವ ಮೊದಲು, ಪ್ಲಾನ್ ಏರಿಸುವ ಮೊದಲು, ಮೂರು ದಿನ ಅಳೆಯಿರಿ, ವೈ-ಫೈ ನೋಡಿ, ಸ್ಪ್ಲಿಟರ್ ಎಣಿಸಿ, ಕನೆಕ್ಟರ್ ಬಿಚ್ಚಿ ನೋಡಿ. ಆಮೇಲೆ ಕೇಬಲಿನವರಿಗೆ ಫೋನ್ ಮಾಡಿ. ಮೋಡೆಮಿನ ಮೇಲೆ ಹೊದಿಸಿದ ಬಟ್ಟೆಯನ್ನು ಮಾತ್ರ ಇವತ್ತೇ ತೆಗೆದುಬಿಡಿ.